ಮನೆಯವರನ್ನೇ ಕೇಳುವ ಪ್ರಶ್ನೆ: ಇಸ್ರೇಲಿನ ಸಾಕ್ಷ್ಯಚಿತ್ರಗಳ ಸುತ್ತ

(ಸಿನಿಮಾ ಆಸಕ್ತರ ಒಂದು ಕೂಟದಲ್ಲಿ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಇಸ್ರೇಲ್ ಅಂದ ಕೂಡಲೇ ನಮ್ಮಲ್ಲಿ ಎರಡು ಪಕ್ಷ ಆಗಿಬಿಡುತ್ತದೆ. ಟೀವಿ ಚರ್ಚೆ ಇರಲಿ, ವಾಟ್ಸಾಪ್ ಗುಂಪು ಇರಲಿ, ಹಾಗೇ. ಆ ಜಗಳಕ್ಕೆ ಇನ್ನೊಂದು ದನಿ ಸೇರಿಸಲು ನಾನಿವತ್ತು ಬಂದಿಲ್ಲ. ಅಲ್ಲಿಯ ಚಿತ್ರ ನಿರ್ದೇಶಕರು ತಮ್ಮ ಮನೆಯೊಳಗೇ ಕ್ಯಾಮೆರಾ ಇಟ್ಟುಕೊಂಡು ತಮ್ಮವರನ್ನೇ ಏನೇನು ಕೇಳಿದ್ದಾರೆ ಅಂತ ನಿಮಗೆ ಹೇಳಬೇಕು, ಅಷ್ಟೇ. ಸುಮಾರು ಒಂದು ಕೋಟಿ ಜನರ ಆ ಚಿಕ್ಕ ದೇಶದಿಂದ ಇಷ್ಟೊಂದು ಗಟ್ಟಿ ಸಾಕ್ಷ್ಯಚಿತ್ರಗಳು ಬಂದಿರುವುದಕ್ಕೆ ಕಾರಣ ಇದೆ.

ಕಾರಣ ಸರಳ. ಅಲ್ಲಿ ಚರಿತ್ರೆ ಮನೆಯ ಹೊರಗೆ ನಿಲ್ಲುವುದಿಲ್ಲ. ನಾಜಿಗಳು ಯುರೋಪಿನಲ್ಲಿ ನಡೆಸಿದ ಯಹೂದಿ ಹತ್ಯಾಕಾಂಡದಿಂದ ಉಳಿದು ಬಂದ ಅಜ್ಜಿ, ಬಾಗ್ದಾದಿನಿಂದಲೋ ಮೊರಾಕೊದಿಂದಲೋ ಎರಡು ಪೆಟ್ಟಿಗೆ ಹಿಡಿದು ಬಂದ ತಾತ, 18 ತುಂಬಿದ ಕೂಡಲೇ ಸೈನ್ಯಕ್ಕೆ ಹೋಗುವ ಮಗ, ಮಗಳು. ಹೆಚ್ಚಿನ ಯಹೂದಿ ಮನೆಗಳಲ್ಲಿ ಇವರಲ್ಲಿ ಒಬ್ಬರಾದರೂ ಇರುತ್ತಾರೆ. ಅಮ್ಮನ ಬಗ್ಗೆ ಚಿತ್ರ ತೆಗೆಯಲು ಹೊರಟವರು ತಮಗೆ ಗೊತ್ತಿಲ್ಲದ ಹಾಗೆ ದೇಶದ ಬಗ್ಗೆ ತೆಗೆದಿರುತ್ತಾರೆ.

ಈ ದಾರಿ ಹಾಕಿಕೊಟ್ಟವರು ಡೇವಿಡ್ ಪರ್ಲೊವ್. ಬ್ರೆಜಿಲ್‌ನಲ್ಲಿ ಹುಟ್ಟಿ ಇಸ್ರೇಲಿಗೆ ಬಂದು ನೆಲೆಸಿದವರು. ಆಗ ಅಲ್ಲಿ ಸಾಕ್ಷ್ಯಚಿತ್ರ ಅಂದರೆ ಸರ್ಕಾರ, ಸಂಸ್ಥೆಗಳು ಹೇಳಿ ಮಾಡಿಸುವ ಚಿತ್ರ. ರಸ್ತೆ, ಹೊಲ, ದುಡಿಯುವ ಯುವಕರು, ಹಿನ್ನೆಲೆಯಲ್ಲಿ ಹುರುಪಿನ ಸಂಗೀತ. ಪರ್ಲೊವ್ ಅವರಿಗೆ ಅದು ಸಾಕಾಯಿತು. 1973ರ ಮೇ ತಿಂಗಳಲ್ಲಿ ಒಂದು ಕ್ಯಾಮೆರಾ ಕೊಂಡು ಟೆಲ್ ಅವೀವ್‌ನ ತಮ್ಮ ಮನೆಯ ಕಿಟಕಿಯಿಂದಲೇ ಚಿತ್ರಿಸಲು ಶುರು ಮಾಡಿದರು. ಹೆಂಡತಿ, ಅವಳಿ ಹೆಣ್ಣುಮಕ್ಕಳು, ಬಾಗಿಲು, ಬೀದಿ. ಮೇಜಿನ ಮೇಲೆ ಬಿಸಿ ಸೂಪ್ ಇದೆ. ಕೂತು ಕುಡಿಯಬೇಕೋ, ನಿಂತು ಚಿತ್ರಿಸಬೇಕೋ, ಎರಡರಲ್ಲಿ ಒಂದನ್ನು ಇನ್ನು ಮುಂದೆ ಆರಿಸಿಕೊಳ್ಳಬೇಕು ಅಂತ ಅವರ ದನಿ ಹೇಳುತ್ತದೆ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಯುದ್ಧ ಬಂತು. ಹತ್ತು ವರ್ಷ ಹೀಗೇ ನಡೆದು ಆರು ಭಾಗಗಳ 'ಡೈರಿ' ಆಯಿತು. ಕಣ್ಣೆದುರೇ ಮಕ್ಕಳು ಬೆಳೆಯುತ್ತಾರೆ, ಕಿಟಕಿಯಾಚೆ ದೇಶ ಬದಲಾಗುತ್ತದೆ.

ಪರ್ಲೊವ್ ನೋಡಿದರು. ಅವರ ನಂತರದವರು ಪ್ರಶ್ನೆ ಕೇಳಲು ಶುರು ಮಾಡಿದರು. ಈ ಕೇಳುವುದು ಎಷ್ಟು ಕಷ್ಟ ಅನ್ನುವುದೇ ನನ್ನ ಇವತ್ತಿನ ಮಾತು.

ಹತ್ಯಾಕಾಂಡದಿಂದ ಉಳಿದು ಬಂದವರು ಇಸ್ರೇಲ್‌ನಲ್ಲಿ ಬಹಳ ವರ್ಷ ಬಾಯಿ ಬಿಡಲಿಲ್ಲ. ಹೊಸ ದೇಶಕ್ಕೆ ಬೇಕಾಗಿದ್ದದ್ದು ಎದೆಯುಬ್ಬಿಸಿ ನಿಂತ ರೈತ, ಸೈನಿಕ. ಶಿಬಿರದಿಂದ ಬಂದವರ ಕಥೆಗೆ ಕಿವಿ ಕಡಿಮೆ ಇತ್ತು. ಯಹೂದಿಗಳನ್ನು ಸಾವಿನ ಶಿಬಿರಗಳಿಗೆ ಸಾಗಿಸುವ ಏರ್ಪಾಡು ನೋಡಿಕೊಂಡ ನಾಜಿ ಅಧಿಕಾರಿ ಐಖ್‌ಮನ್‌ನ ವಿಚಾರಣೆ 1961ರಲ್ಲಿ ಜೆರುಸಲೇಂನಲ್ಲಿ ನಡೆದಾಗ ಬದುಕುಳಿದ ಎಷ್ಟೋ ಜನ ಸಾಕ್ಷಿ ಹೇಳಿದರು. ಇಡೀ ದೇಶ ರೇಡಿಯೋ ಮುಂದೆ ಕೂತು ಕೇಳಿತು. ಆದರೆ ನ್ಯಾಯಾಲಯದಲ್ಲಿ ಹೇಳುವುದು ಬೇರೆ, ಮನೆಯಲ್ಲಿ ಮಕ್ಕಳಿಗೆ ಹೇಳುವುದು ಬೇರೆ, ಅಲ್ವಾ? ಎಷ್ಟೋ ಮನೆಗಳಲ್ಲಿ ಮೌನ ಹಾಗೇ ಉಳಿಯಿತು.

ತ್ಸಿಪಿ ರೈಬೆನ್‌ಬಾಖ್ ಅವರ 1993ರ ಚಿತ್ರ 'ಚಾಯ್ಸ್ ಅಂಡ್ ಡೆಸ್ಟಿನಿ' ಈ ಮೌನದ ಒಳಗೇ ಕೂರುತ್ತದೆ. ವಯಸ್ಸಾದ ಅಪ್ಪ, ಅಮ್ಮ. ಇಬ್ಬರೂ ಉಳಿದು ಬಂದವರು. ಮಗಳು ಕ್ಯಾಮೆರಾ ಹಿಡಿದು ಅವರ ಮನೆಯಲ್ಲಿದ್ದಾಳೆ. ಅಪ್ಪ ಮಾತಾಡುತ್ತಾರೆ. ಯಾವ ಶಿಬಿರ, ಎಷ್ಟು ಜನ, ಹೇಗೆ ಸಾಗಿಸಿದರು, ಎಲ್ಲ ಒಂದೇ ಲಯದಲ್ಲಿ ಹೇಳಿಕೊಂಡು ಹೋಗುತ್ತಾರೆ. ಅಮ್ಮ ಅಡುಗೆ ಮಾಡುತ್ತಾರೆ. ಹೆಚ್ಚುತ್ತಾರೆ, ಬೇಯಿಸುತ್ತಾರೆ, ಬಡಿಸುತ್ತಾರೆ, ಪಾತ್ರೆ ತೊಳೆಯುತ್ತಾರೆ. ಮಾತು ಮಾತ್ರ ಇಲ್ಲ. ಚಿತ್ರಕ್ಕೆ ಅವಸರ ಇಲ್ಲ. ಒಂದು ಊಟ ತಯಾರಾಗಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನಾವೂ ಕೂತು ನೋಡಬೇಕು. ಮೊದಲ ಸಲ ನೋಡುವವರು ಚಡಪಡಿಸುತ್ತಾರೆ. ದಯವಿಟ್ಟು ತಡೆದುಕೊಳ್ಳಿ. ಹಸಿವನ್ನು ಕಂಡವರ ಮನೆಯಲ್ಲಿ ಅಡುಗೆ ಬರೀ ಅಡುಗೆ ಆಗಿರುವುದಿಲ್ಲ ಅಂತ ನಿಧಾನವಾಗಿ ತಿಳಿಯುತ್ತದೆ. ಕೊನೆಗೊಮ್ಮೆ ಅಮ್ಮ ಬಾಯಿ ತೆರೆಯುತ್ತಾರೆ. ಒಮ್ಮೆ ಶುರುವಾದ ಮೇಲೆ ಮಾತು ನಿಲ್ಲುವುದಿಲ್ಲ. ಅಷ್ಟು ಹೊತ್ತು ಅಪ್ಪ ಹೇಳಿದ ವಿವರಗಳೆಲ್ಲ ಆಗ ಬೇರೆಯೇ ತೂಕ ಪಡೆಯುತ್ತವೆ. ನನ್ನ ಮಟ್ಟಿಗೆ ಹತ್ಯಾಕಾಂಡದ ಬಗ್ಗೆ ಇಸ್ರೇಲ್‌ನಲ್ಲಿ ಬಂದ ಅತ್ಯಂತ ಪ್ರಾಮಾಣಿಕ ಚಿತ್ರ ಇದು. ಇದರಲ್ಲಿ ಹಳೆಯ ಶಿಬಿರದ ತುಣುಕು ಬೇಕಿಲ್ಲ. ಅಡುಗೆಮನೆ ಸಾಕು.

ಇನ್ನು ಅರ್ನೊನ್ ಗೋಲ್ಡ್‌ಫಿಂಗರ್ ಅವರ 'ದಿ ಫ್ಲ್ಯಾಟ್', 2011. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ.

ನಿರ್ದೇಶಕರ ಅಜ್ಜಿ ಗೆರ್ಡಾ ಟುಖ್ಲರ್ 98ನೇ ವಯಸ್ಸಿನಲ್ಲಿ ತೀರಿಕೊಂಡರು. 1930ರ ದಶಕದಲ್ಲಿ ಬರ್ಲಿನ್‌ನಿಂದ ಬಂದವರು. ಟೆಲ್ ಅವೀವ್‌ನಲ್ಲಿ ಇಷ್ಟು ವರ್ಷ ಬದುಕಿದರೂ ಅವರ ಫ್ಲ್ಯಾಟಿನ ಒಳಗೆ ಬರ್ಲಿನ್ ಹಾಗೇ ಇತ್ತು. ಕೈಗವಸು, ಚರ್ಮದ ಚೀಲ, ನರಿಯ ತುಪ್ಪಳದ ಶಾಲು, ಕಪಾಟಿನ ತುಂಬ ಜರ್ಮನ್ ಪುಸ್ತಕ. ಅಜ್ಜಿ ಹೋದ ಮೇಲೆ ಮನೆ ಖಾಲಿ ಮಾಡಬೇಕು. ಮಕ್ಕಳು, ಮೊಮ್ಮಕ್ಕಳು ಸೇರಿ ಸಾಮಾನು ವಿಂಗಡಿಸುತ್ತಾರೆ. ಇದು ಬೇಕಾ, ಬೇಡವಾ, ಯಾರಿಗೆ ಕೊಡುವುದು. ಹಳೇ ಪುಸ್ತಕದ ವ್ಯಾಪಾರಿ ಬಂದು ಇವನ್ನೆಲ್ಲ ಈಗ ಯಾರೂ ಓದುವುದಿಲ್ಲ ಅನ್ನುತ್ತಾನೆ.

ಆ ರಾಶಿಯಲ್ಲಿ 1934ರ ಒಂದು ಜರ್ಮನ್ ಪತ್ರಿಕೆ ಸಿಗುತ್ತದೆ. 'ಡೆರ್ ಆಂಗ್ರಿಫ್', ಹಿಟ್ಲರನ ಪ್ರಚಾರ ಸಚಿವ ಗೊಬೆಲ್ಸ್‌ನ ನಾಜಿ ಪತ್ರಿಕೆ. ಅದರಲ್ಲಿ ಒಬ್ಬ ನಾಜಿ ಪ್ಯಾಲೆಸ್ಟೀನ್‌ಗೆ ಪ್ರವಾಸ ಹೋದ ಲೇಖನಮಾಲೆ. ಬರೆದವನು ಲಿಯೋಪೋಲ್ಡ್ ಫಾನ್ ಮಿಲ್ಡೆನ್‌ಸ್ಟೈನ್ ಎಂಬ ಅಧಿಕಾರಿ, ನಾಜಿ ಪಕ್ಷದ ಎಸ್‌ಎಸ್ ಪಡೆಯವನು. 1933ರ ಆ ಪ್ರವಾಸದಲ್ಲಿ ಅವನ ಜೊತೆ ಹೋದವರು ಬರ್ಲಿನ್‌ನ ಯಹೂದಿ ನ್ಯಾಯಾಧೀಶ ಕುರ್ಟ್ ಟುಖ್ಲರ್ ಮತ್ತು ಹೆಂಡತಿ ಗೆರ್ಡಾ. ಅಂದರೆ ಇದೇ ಅಜ್ಜ, ಅಜ್ಜಿ! ಯಹೂದಿಗಳು ಜರ್ಮನಿ ಬಿಟ್ಟು ಹೋಗಲಿ ಅನ್ನುವುದು ಆಗ ನಾಜಿಗಳ ಲೆಕ್ಕ. ಯಹೂದಿಗಳಿಗೆ ಅಲ್ಲೊಂದು ನೆಲೆ ಆಗಲಿ ಅನ್ನುವುದು ಜಿಯಾನಿಸ್ಟರ ಆಸೆ. ಅಷ್ಟು ಹೊತ್ತಿನ ಮಟ್ಟಿಗೆ ಇಬ್ಬರ ದಾರಿ ಒಂದೇ ಕಡೆಗಿತ್ತು. ಪ್ರವಾಸದ ನೆನಪಿಗೆ ಪತ್ರಿಕೆ ಒಂದು ಪದಕ ಮಾಡಿಸಿತು. ಒಂದು ಮುಖಕ್ಕೆ ಸ್ವಸ್ತಿಕ, ಇನ್ನೊಂದು ಮುಖಕ್ಕೆ ದಾವೀದನ ನಕ್ಷತ್ರ.

ಇಷ್ಟೇ ಆಗಿದ್ದರೆ ವಿಚಿತ್ರ ಸಂಗತಿ ಅಂದುಕೊಂಡು ಮುಂದೆ ಹೋಗಬಹುದಿತ್ತು. ಯುದ್ಧ ಮುಗಿದ ಮೇಲೆ ಆ ಎರಡು ಕುಟುಂಬಗಳು ಮತ್ತೆ ಸ್ನೇಹ ಮುಂದುವರಿಸಿದವು. ಪತ್ರ, ಭೇಟಿ, ಉಡುಗೊರೆ. ಗೆರ್ಡಾ ಅವರ ತಾಯಿ ಬರ್ಲಿನ್‌ನಲ್ಲೇ ಉಳಿದು, ನಾಜಿಗಳ ಕೈಯಲ್ಲಿ ಸತ್ತಿದ್ದರು. ಅದು ಗೊತ್ತಿದ್ದೂ ಹೇಗೆ ಸಾಧ್ಯವಾಯಿತು? ಮೊಮ್ಮಗನಿಗೆ ಈ ಪ್ರಶ್ನೆ ನಿದ್ದೆ ಕೊಡುವುದಿಲ್ಲ. ಅವರು ತಮ್ಮ ಅಮ್ಮ ಹನ್ನಾ ಅವರನ್ನು ಕೇಳುತ್ತಾರೆ. ಅಮ್ಮ, ನೀನು ಕೇಳಲಿಲ್ಲವಾ? ಇಲ್ಲ, ಕೇಳಲಿಲ್ಲ. ನಿನ್ನ ಅಜ್ಜಿ ಹೇಗೆ ಸತ್ತರು ಅಂತಲಾದರೂ? ಅದೂ ಇಲ್ಲ. ಅಮ್ಮನಿಗೆ ಹಿಂದಿನದು ಬೇಡ. ಮನೆ ಚೊಕ್ಕಟ ಮಾಡಿ ಎಸೆದುಬಿಡು ಅನ್ನುವ ಸ್ವಭಾವ. ಎಷ್ಟೋ ಸಂಸಾರಗಳಲ್ಲಿ ಹೀಗೇ. ಮಕ್ಕಳು ಕೇಳುವುದಿಲ್ಲ, ಮೊಮ್ಮಕ್ಕಳು ಕೇಳುತ್ತಾರೆ.

ಗೋಲ್ಡ್‌ಫಿಂಗರ್ ಜರ್ಮನಿಗೆ ಹೋಗಿ ಮಿಲ್ಡೆನ್‌ಸ್ಟೈನ್‌ನ ಮಗಳನ್ನು ಭೇಟಿಯಾಗುತ್ತಾರೆ. ಆಕೆ ಆದರದಿಂದ ಬರಮಾಡಿಕೊಳ್ಳುತ್ತಾರೆ, ಅಜ್ಜ ಅಜ್ಜಿಯನ್ನು ಪ್ರೀತಿಯಿಂದ ನೆನೆಯುತ್ತಾರೆ. ತನ್ನ ಅಪ್ಪನಿಗೂ ಆ ಪಾಪಕ್ಕೂ ಸಂಬಂಧ ಇಲ್ಲ ಅನ್ನುವುದು ಅವರ ನಂಬಿಕೆ. ಆದರೆ ಎಸ್‌ಎಸ್‌ನ ಗುಪ್ತಚರ ವಿಭಾಗದಲ್ಲಿ ಯಹೂದಿಗಳ ವಿಷಯ ನೋಡಿಕೊಳ್ಳುತ್ತಿದ್ದವನು ಮಿಲ್ಡೆನ್‌ಸ್ಟೈನ್. ಐಖ್‌ಮನ್ ಅಲ್ಲಿಗೆ ಬಂದದ್ದು ಅವನ ಕೈ ಕೆಳಗೆ. ಆಮೇಲೆ ಅವನು ಗೊಬೆಲ್ಸ್‌ನ ಪ್ರಚಾರ ಸಚಿವಾಲಯದಲ್ಲಿದ್ದ. ದಾಖಲೆಗಳು ಸಿಕ್ಕಿವೆ. ಅವನ್ನು ಹಿಡಿದು ನಿರ್ದೇಶಕರು ಮತ್ತೆ ಆ ಮನೆಗೆ ಹೋಗುತ್ತಾರೆ.

ಅಲ್ಲಿ ನನಗೆ ಕೂರಲಾಗಲಿಲ್ಲ. ಒಳ್ಳೆಯ ಹೆಂಗಸು, ಉಪಚಾರ ಮಾಡಿದ್ದಾರೆ. ಅವರ ಮುಂದೆ ಅವರ ಅಪ್ಪನ ಕಡತ ಬಿಚ್ಚುವುದು ಸರಿಯಾ? ಬಿಚ್ಚದೆ ಎದ್ದು ಬರುವುದು ಸರಿಯಾ? ನಿರ್ದೇಶಕರ ದನಿಯಲ್ಲಿ ಗೆದ್ದ ಭಾವ ಒಂದಿಷ್ಟೂ ಇಲ್ಲ. ತಮ್ಮ ಅಮ್ಮನಿಗೂ ಈ ಮಗಳಿಗೂ ಒಂದು ವಿಷಯದಲ್ಲಿ ವ್ಯತ್ಯಾಸ ಇಲ್ಲ ಅಂತ ಅವರಿಗೆ ಗೊತ್ತು. ಇಬ್ಬರೂ ಕೇಳಿಲ್ಲ. ಕೊನೆಗೆ ಅಮ್ಮ, ಮಗ ಬರ್ಲಿನ್‌ನ ಯಹೂದಿ ಸ್ಮಶಾನದಲ್ಲಿ ಮಳೆಯಲ್ಲಿ ಮುತ್ತಜ್ಜನ ಸಮಾಧಿ ಹುಡುಕುತ್ತಾರೆ. ಗಿಡಬಳ್ಳಿ ಬೆಳೆದುಬಿಟ್ಟಿದೆ, ಸಮಾಧಿ ಸಿಗುವುದಿಲ್ಲ.

ಈಗ ಸೈನಿಕರ ಕಡೆ ಬರೋಣ. ಆರಿ ಫೋಲ್ಮನ್ ಅವರ 'ವಾಲ್ಟ್ಸ್ ವಿತ್ ಬಶೀರ್' (2008) ನಿಮ್ಮಲ್ಲಿ ಕೆಲವರಾದರೂ ನೋಡಿರುತ್ತೀರಿ. ಕೊನೆಯ ನಿಮಿಷಗಳನ್ನು ಬಿಟ್ಟರೆ ಬರೆದ ಚಿತ್ರಗಳಿಂದಲೇ ಕಟ್ಟಿದ ಸಾಕ್ಷ್ಯಚಿತ್ರ. ಹಳೆಯ ಸೈನಿಕನೊಬ್ಬನ ಕನಸಿನಲ್ಲಿ 26 ನಾಯಿಗಳು ಅಟ್ಟಿಸಿಕೊಂಡು ಬರುತ್ತವೆ. ಲೆಬನಾನಿನ ಹಳ್ಳಿಗಳಲ್ಲಿ ಸೈನ್ಯ ಬರುವುದು ಗೊತ್ತಾಗಬಾರದು ಅಂತ ಅವನು ಕೊಂದ ನಾಯಿಗಳು ಅಷ್ಟೇ. ಅದನ್ನು ಕೇಳಿದ ಫೋಲ್ಮನ್ ಅವರಿಗೆ 1982ರ ಆ ಯುದ್ಧದ ಬಗ್ಗೆ ತನಗೆ ಏನೂ ನೆನಪಿಲ್ಲ ಅಂತ ಹೊಳೆಯುತ್ತದೆ. ಸಬ್ರಾ, ಶತೀಲಾ ಶಿಬಿರಗಳಲ್ಲಿ ಲೆಬನಾನಿನ ಫಲಾಂಜಿಸ್ಟ್ ಎಂಬ ಕ್ರೈಸ್ತ ಸಶಸ್ತ್ರ ಪಡೆ ಪ್ಯಾಲೆಸ್ಟೀನಿಯನ್ ನಿರಾಶ್ರಿತರನ್ನು ಕೊಂದಾಗ ಇಸ್ರೇಲಿ ಸೈನ್ಯ ಸುತ್ತ ಇತ್ತು, ರಾತ್ರಿ ಬೆಳಕಿನ ಗುಂಡು ಹಾರಿಸಿತು. ಆ ಹೊತ್ತಿನಲ್ಲಿ ನಾನೆಲ್ಲಿದ್ದೆ? ಜೊತೆಯವರನ್ನು ಒಬ್ಬೊಬ್ಬರನ್ನಾಗಿ ಹುಡುಕಿಕೊಂಡು ಹೋಗಿ ಕೇಳುತ್ತಾರೆ. ಒಬ್ಬ ಗೆಳೆಯ ಅವರಿಗೆ ಹೇಳುವ ಮಾತಿನ ಸಾರ ಇದು: ನಿನ್ನನ್ನು ಕಾಡುತ್ತಿರುವುದು ಈ ಶಿಬಿರ ಮಾತ್ರ ಅಲ್ಲ, ಆ ಇನ್ನೊಂದು ಶಿಬಿರವೂ ಹೌದು. ಫೋಲ್ಮನ್ ಅವರ ಅಪ್ಪ, ಅಮ್ಮ ಆಶ್‌ವಿಟ್ಸ್ ಎಂಬ ನಾಜಿ ಶಿಬಿರದಿಂದ ಉಳಿದು ಬಂದವರು.

ಈ ಚಿತ್ರದ ಬಗ್ಗೆ ಒಂದು ತಕರಾರು ಇದೆ. ಸೈನಿಕರ ಕನಸು, ನೋವು, ಮರೆವು ಎಲ್ಲಕ್ಕೂ ಜಾಗ ಇದೆ. ಸತ್ತವರ ಕಡೆಯವರು ಮಾತ್ರ ಕೊನೆಯ ನಿಮಿಷಗಳ ನಿಜವಾದ ಸುದ್ದಿ ತುಣುಕಿನಲ್ಲಿ ಅಳುತ್ತಾ ಬರುತ್ತಾರೆ, ಅವರ ಮಾತಿಗೆ ಸಬ್‌ಟೈಟಲ್ ಕೂಡ ಇಲ್ಲ. ತಕರಾರು ನ್ಯಾಯವಾದದ್ದು. ಆದರೂ ಚಿತ್ರ ಬೇಡ ಅನ್ನಲು ನನಗೆ ಮನಸ್ಸಿಲ್ಲ.

ಮೋರ್ ಲೂಶಿ ಅವರ 'ಸೆನ್ಸರ್ಡ್ ವಾಯ್ಸಸ್' (2015) ಇನ್ನೂ ಹಿಂದಕ್ಕೆ, 1967ಕ್ಕೆ ಹೋಗುತ್ತದೆ. ಆರು ದಿನದ ಯುದ್ಧ ಗೆದ್ದು ದೇಶವೆಲ್ಲ ಕುಣಿಯುತ್ತಿದ್ದಾಗ ಲೇಖಕ ಅಮೊಸ್ ಓಝ್ ಮತ್ತು ಅವ್ರಹಾಮ್ ಶಪೀರಾ ಟೇಪ್ ರೆಕಾರ್ಡರ್ ಹಿಡಿದು ಕಿಬ್ಬುತ್ಸ್‌ಗಳಿಗೆ ಹೋದರು. ಕಿಬ್ಬುತ್ಸ್ ಅಂದರೆ ಎಲ್ಲರೂ ಕೂಡಿ ದುಡಿದು ಹಂಚಿಕೊಳ್ಳುವ ಊರು. ಆಗಷ್ಟೇ ಹಿಂತಿರುಗಿದ ಹುಡುಗರು ತಾವು ಕಂಡ ಕೊಲೆ, ಊರು ಬಿಡಿಸಿದ್ದು, ಭಯ, ನಾಚಿಕೆ ಎಲ್ಲ ಹೇಳಿದರು. ಒಂದಷ್ಟು ಪುಸ್ತಕವಾಗಿ ಬಂತು. ಉಳಿದದ್ದು ಟೇಪಿನಲ್ಲೇ ಕೂತಿತ್ತು. ಸುಮಾರು ಅರ್ಧ ಶತಮಾನದ ಮೇಲೆ ಲೂಶಿ ಅದೇ ಜನರನ್ನು ಕರೆದು ಕೂರಿಸಿ ಟೇಪು ಹಾಕುತ್ತಾರೆ. ತಲೆ ನರೆತ ಮುದುಕರು. ಇಪ್ಪತ್ತರ ಹರೆಯದ ತಮ್ಮದೇ ದನಿ ಕೇಳುತ್ತಾ ಸುಮ್ಮನೆ ಕೂತಿದ್ದಾರೆ. ಕ್ಯಾಮೆರಾ ಅವರ ಮುಖದ ಮೇಲಿದೆ. ಕೇಳಿಸಿಕೊಳ್ಳುವ ಮುಖವನ್ನು ಇಷ್ಟು ಹೊತ್ತು ನೋಡಲು ಬಿಟ್ಟ ಚಿತ್ರ ನಾನು ಇನ್ನೊಂದು ಕಂಡಿಲ್ಲ.

ಇದರ ಪಕ್ಕದಲ್ಲಿ 'ದಿ ಗೇಟ್‌ಕೀಪರ್ಸ್' (2012) ಇಡಿ. ಡ್ರೋರ್ ಮೊರೆ ಅವರು ಒಳಗಿನ ಗುಪ್ತಚರ ಸಂಸ್ಥೆ ಶಿನ್ ಬೆತ್‌ನ ಆರು ಮಾಜಿ ಮುಖ್ಯಸ್ಥರನ್ನು ಕೂರಿಸಿ ಮಾತಾಡಿಸಿದ್ದಾರೆ. ಆಸ್ಕರ್‌ವರೆಗೂ ಹೋದ ಚಿತ್ರ. ಮಾಹಿತಿ ಬಹಳ ಇದೆ. ಆದರೂ ನನ್ನ ಮನಸ್ಸಿಗೆ ಅಷ್ಟು ಹತ್ತಿರ ಆಗಲಿಲ್ಲ. ಕುರ್ಚಿ ಬಿಟ್ಟ ಮೇಲೆ ಸತ್ಯ ಹೇಳುವವರಿಗೆ ಕಳೆದುಕೊಳ್ಳುವುದು ಕಡಿಮೆ. ಅಮ್ಮನನ್ನು ಕೇಳುವ ಮಗ ನಾಳೆ ಅದೇ ಅಮ್ಮನ ಜೊತೆ ಊಟಕ್ಕೆ ಕೂರಬೇಕು.

ನಂಬಿಕೆಯ ವಿಷಯದಲ್ಲೂ ಒಳಗಿನವರು ಕೇಳಿದಾಗಲೇ ಪ್ರಶ್ನೆಗೆ ತೂಕ. ಅನತ್ ಝೂರಿಯಾ ಅವರ ಚಿತ್ರಗಳನ್ನು ದಯವಿಟ್ಟು ನೋಡಿ. ಧಾರ್ಮಿಕ ಕಟ್ಟುಪಾಡಿನ ಬದುಕನ್ನು ಸ್ವತಃ ಬಲ್ಲವರು. 2002ರ 'ಪ್ಯೂರಿಟಿ' ಮುಟ್ಟಿನ ನಿಯಮಗಳ ಬಗ್ಗೆ. ಮುಟ್ಟಿನ ದಿನಗಳು, ಅದು ನಿಂತ ಮೇಲೆ ಇನ್ನೂ ಏಳು ದಿನ ಗಂಡ ಹೆಂಡತಿ ಒಬ್ಬರನ್ನೊಬ್ಬರು ಮುಟ್ಟುವಂತಿಲ್ಲ. ಆಮೇಲೆ ಮಿಕ್ವೆ ಎಂಬ ಕೊಳದಲ್ಲಿ ಮುಳುಗಿ ಏಳಬೇಕು. ಹೊರಗೆ ಕೂರುವ ಪದ್ಧತಿಯನ್ನು ಮನೆಯಲ್ಲಿ ಕಂಡ ನಮ್ಮ ಹೆಂಗಸರಿಗೆ ಈ ಚಿತ್ರ ವಿವರಿಸಿ ಹೇಳಬೇಕಿಲ್ಲ.

2004ರ 'ಸೆಂಟೆನ್ಸ್ಡ್ ಟು ಮ್ಯಾರೇಜ್' ಇನ್ನೂ ಕಟುವಾದದ್ದು. ಇಸ್ರೇಲ್‌ನಲ್ಲಿ ಯಹೂದಿಗಳ ಮದುವೆ, ವಿಚ್ಛೇದನ ರಬ್ಬಿಗಳ, ಅಂದರೆ ಯಹೂದಿ ಧರ್ಮಗುರುಗಳ ನ್ಯಾಯಾಲಯದ ಕೈಯಲ್ಲಿದೆ. ದೇವರನ್ನು ನಂಬದವರಿಗೂ ಅದೇ ದಾರಿ. ಗಂಡ 'ಗೆತ್' ಎಂಬ ಬಿಡುಗಡೆ ಪತ್ರವನ್ನು ತನ್ನ ಕೈಯಾರೆ ಕೊಡಬೇಕು. ಕೊಡಲಿಲ್ಲ ಅಂದರೆ ಹೆಂಡತಿ ವರ್ಷಗಟ್ಟಲೆ ಅತ್ತ ಸಂಸಾರವೂ ಇಲ್ಲದೆ, ಇತ್ತ ಬಿಡುಗಡೆಯೂ ಇಲ್ಲದೆ ಸಿಕ್ಕಿಕೊಳ್ಳುತ್ತಾಳೆ. ಅವನು ಬೇರೆ ಹೆಣ್ಣಿನ ಜೊತೆ ಇದ್ದು ಮಕ್ಕಳನ್ನು ಪಡೆದರೆ ಆ ಮಕ್ಕಳಿಗೆ ಕಳಂಕ ಇಲ್ಲ. ಅವಳು ಪಡೆದರೆ ಆ ಮಗುವಿಗೆ ಮುಂದೆ ಸಮುದಾಯದೊಳಗೆ ಮದುವೆಯೇ ಆಗದು. ಚಿತ್ರ ಮೂವರು ಹೆಂಗಸರ ಹಿಂದೆ ಹೋಗುತ್ತದೆ. ಮುಂದಿನ ದಿನಾಂಕ, ಮತ್ತೆ ಮುಂದಿನ ದಿನಾಂಕ. ವಕೀಲಿಕೆಯ ಜಾಣತನವೇ ಬೇಡ, ಬರೀ ಕಾಯಿಸಿಯೇ ಒಬ್ಬರನ್ನು ಮುರಿಯಬಹುದು ಅಂತ ಕಾಣುತ್ತದೆ. ಹೊರಗಿನವರು ಈ ಚಿತ್ರ ಮಾಡಿದ್ದರೆ ಧರ್ಮದ ಮೇಲಿನ ದಾಳಿ ಅಂತ ತಳ್ಳಿಹಾಕುವುದು ಸುಲಭ ಆಗುತ್ತಿತ್ತು. ಝೂರಿಯಾ ಅವರನ್ನು ಹಾಗೆ ತಳ್ಳುವುದು ಕಷ್ಟ.

ಇಷ್ಟು ಹೊತ್ತು ನಾನು ಹೇಳಿದ್ದು ಯಹೂದಿ ಮನೆಗಳ ಒಳಗಿನ ಮಾತು. ಪಕ್ಕದ ಮನೆ? ಅದನ್ನು ಕೇಳದೆ ಈ ಮಾತು ಮುಗಿಸಿದರೆ ಅನ್ಯಾಯ ಆಗುತ್ತದೆ.

ಜೂಲಿಯಾನೊ ಮೆರ್ ಖಮಿಸ್ ಅವರ ಅಮ್ಮ ಅರ್ನಾ ಯಹೂದಿ, ಅಪ್ಪ ಪ್ಯಾಲೆಸ್ಟೀನಿಯನ್ ಕ್ರೈಸ್ತ. ಅರ್ನಾ ಚಿಕ್ಕ ವಯಸ್ಸಿನಲ್ಲಿ ಯಹೂದಿ ಪಡೆ ಪಾಲ್ಮಾಖ್‌ನಲ್ಲಿ ಇದ್ದವರು. ಮುಂದೆ ಅವರೇ ಪ್ಯಾಲೆಸ್ಟೀನಿಯನ್ನರ ಪ್ರದೇಶವಾದ ವೆಸ್ಟ್ ಬ್ಯಾಂಕಿನ ಜೆನಿನ್ ನಿರಾಶ್ರಿತರ ಶಿಬಿರದಲ್ಲಿ ಮಕ್ಕಳಿಗೆ ಪಾಠ, ನಾಟಕ ಶುರು ಮಾಡಿದರು. ಅದಕ್ಕಾಗಿ 1993ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. 'ಅರ್ನಾಸ್ ಚಿಲ್ಡ್ರನ್' ಶುರುವಾಗುವಾಗ ಅವರಿಗೆ ಕ್ಯಾನ್ಸರ್. ಚಿಕಿತ್ಸೆಗೆ ಕೂದಲು ಉದುರಿದ ತಲೆಗೆ ಕೆಫಿಯೆ ಎಂಬ ಅರಬ್ ತಲೆವಸ್ತ್ರ ಸುತ್ತಿಕೊಂಡು ರಸ್ತೆ ತಡೆಯ ಬಳಿ ನಿಂತು, ಸಾಲುಗಟ್ಟಿದ ಕಾರಿನವರಿಗೆ ಹಾರ್ನ್ ಹೊಡೆಯಿರಿ ಅಂತ ಕೂಗುತ್ತಿದ್ದಾರೆ.

ಒಂದು ದೃಶ್ಯ ಹೇಳುತ್ತೇನೆ. ಸೈನ್ಯ ಉರುಳಿಸಿದ ಮನೆಯ ಕಲ್ಲು ಮಣ್ಣಿನ ಮೇಲೆ ಒಬ್ಬ ಪುಟ್ಟ ಹುಡುಗ ಮಾತಿಲ್ಲದೆ ಕೂತಿದ್ದಾನೆ. ಆಮೇಲೆ ತರಗತಿಯಲ್ಲಿ ಅರ್ನಾ ಮಕ್ಕಳಿಗೆ ಸಿಟ್ಟು ಹೊರಗೆ ಹಾಕಲು ಹೇಳಿಕೊಡುತ್ತಾರೆ. ನಾನೇ ಸೈನ್ಯ ಅಂದುಕೋ, ಏನು ಮಾಡುತ್ತೀಯಾ? ಹುಡುಗ ಅವರ ಮೇಲೆ ಕೈ ಮಾಡುತ್ತಾನೆ. ಯಹೂದಿ ಹೆಂಗಸೊಬ್ಬರು ಆ ಪೆಟ್ಟನ್ನು ನಗುತ್ತಾ ಮೈಮೇಲೆ ತೆಗೆದುಕೊಳ್ಳುತ್ತಾರೆ. ಆ ಮಕ್ಕಳು ವೇಷ ಹಾಕುತ್ತಾರೆ, ನಗುತ್ತಾರೆ. ಒಬ್ಬನಿಗೆ ಪ್ಯಾಲೆಸ್ಟೀನಿನ ರೋಮಿಯೋ ಆಗುವ ಆಸೆ.

ಅರ್ನಾ 1995ರಲ್ಲಿ ತೀರಿಕೊಂಡರು. 2002ರಲ್ಲಿ ಇಸ್ರೇಲಿ ಸೈನ್ಯ ಶಿಬಿರಕ್ಕೆ ನುಗ್ಗಿದಾಗ ನಡೆದ ಜೆನಿನ್ ಕಾಳಗದ ನಂತರ ಜೂಲಿಯಾನೊ ಆ ಮಕ್ಕಳನ್ನು ಹುಡುಕಿಕೊಂಡು ವಾಪಸ್ ಹೋಗುತ್ತಾರೆ. ರೋಮಿಯೋ ಆಗಬೇಕಿದ್ದವನು ಕಾಳಗದಲ್ಲಿ ಸತ್ತಿದ್ದಾನೆ. ಇನ್ನೊಬ್ಬ 2001ರಲ್ಲಿ ಇಸ್ರೇಲಿನ ಹದೇರಾ ಊರಲ್ಲಿ ಗುಂಡು ಹಾರಿಸಿ ನಾಲ್ವರು ಹೆಂಗಸರನ್ನು ಕೊಂದು ತಾನೂ ಸತ್ತಿದ್ದಾನೆ. ಅದಕ್ಕೆ ಮೊದಲು ಗುಂಡಿನ ದಾಳಿಗೆ ಸಿಕ್ಕ ಶಾಲೆಯಿಂದ ಒಬ್ಬ ಹುಡುಗಿಯನ್ನು ಅವನು ಎತ್ತಿಕೊಂಡು ಓಡಿದ್ದ. ಅವಳು ಅವನ ತೋಳಲ್ಲೇ ಜೀವ ಬಿಟ್ಟಿದ್ದಳು. ಅವಶೇಷದ ಮೇಲೆ ಕೂತಿದ್ದ ಪುಟ್ಟ ಹುಡುಗ ಈಗ ಬಂದೂಕು ಹಿಡಿದವರ ನಾಯಕ. ಚಿತ್ರ ಮುಗಿಯುವುದರೊಳಗೆ ಅವನೂ ಇಲ್ಲ.

ಈ ಚಿತ್ರ ಹದೇರಾದ ಕೊಲೆಯನ್ನು ಸಮರ್ಥಿಸುವುದಿಲ್ಲ. ಕೊಂದವನು ನಗುತ್ತಿದ್ದ ಮಗುವಾಗಿದ್ದಾಗಿನ ತುಣುಕನ್ನು ಮುಚ್ಚಿಡುವುದೂ ಇಲ್ಲ. ಎರಡನ್ನೂ ಒಟ್ಟಿಗೆ ನೋಡಲು ನಮ್ಮನ್ನು ಬಲವಂತ ಮಾಡುತ್ತದೆ. ಜೂಲಿಯಾನೊ 2006ರಲ್ಲಿ ಜೆನಿನ್‌ನಲ್ಲಿ ಫ್ರೀಡಂ ಥಿಯೇಟರ್ ಕಟ್ಟಿದರು. 2011ರ ಏಪ್ರಿಲ್ 4ರಂದು ಅದರ ಹತ್ತಿರವೇ ಅವರನ್ನು ಗುಂಡಿಟ್ಟು ಕೊಂದರು. ಇಲ್ಲಿ ಮನೆ, ಪಕ್ಕದ ಮನೆ ಅನ್ನುವ ಗೆರೆಯೇ ಇರಲಿಲ್ಲ. ಎರಡೂ ಅವರದೇ ಮನೆಯಾಗಿತ್ತು.

ಮಾತು ಮುಗಿದ ಮೇಲೆ ಎರಡು ಒಳ್ಳೆಯ ಪ್ರಶ್ನೆ ಬಂದವು. ಅವನ್ನೂ ಇಲ್ಲಿ ಸೇರಿಸುತ್ತೇನೆ.

ಇಂಥ ಚಿತ್ರಗಳಿಗೆ ದುಡ್ಡು ಯಾರು ಕೊಡುತ್ತಾರೆ ಅಂತ ಒಬ್ಬರು ಕೇಳಿದರು. ಅಲ್ಲಿ ಸರ್ಕಾರದ ಹಣದಿಂದ ನಡೆಯುವ, ಆದರೆ ಆಯ್ಕೆಯನ್ನು ತಾವೇ ಮಾಡುವ ಸಿನಿಮಾ ನಿಧಿಗಳಿವೆ. 1993ರಲ್ಲಿ ಶುರುವಾದ 'ನ್ಯೂ ಫಂಡ್ ಫಾರ್ ಸಿನಿಮಾ ಅಂಡ್ ಟೆಲಿವಿಷನ್' ಅಂಥದ್ದು. ಬಿಲಿನ್ ಹಳ್ಳಿಯ ಪ್ಯಾಲೆಸ್ಟೀನಿಯನ್ ರೈತ ಎಮಾದ್ ಬುರ್ನಾತ್ ಅವರು ಇಸ್ರೇಲಿ ಗೈ ದವಿದಿ ಜೊತೆ ಮಾಡಿದ '5 ಬ್ರೋಕನ್ ಕ್ಯಾಮೆರಾಸ್'ಗೂ ಅದು ನೆರವು ಕೊಟ್ಟಿತ್ತು. ಈ ಜಾಗ ಈಗ ಕಿರಿದಾಗುತ್ತಿದೆ, ಅದು ನನಗೆ ನಿಜವಾಗಿ ಸಂಕಟ ತರುವ ವಿಷಯ. ಇಬ್ಬರು ಪ್ಯಾಲೆಸ್ಟೀನಿಯನ್ನರು, ಇಬ್ಬರು ಇಸ್ರೇಲಿಗಳು ಸೇರಿ ಮಾಡಿದ 'ನೋ ಅದರ್ ಲ್ಯಾಂಡ್' 2025ರ ಮಾರ್ಚ್‌ನಲ್ಲಿ ಆಸ್ಕರ್ ಗೆದ್ದಾಗ, ಅದನ್ನು ತೋರಿಸಬೇಡಿ ಅಂತ ಅಲ್ಲಿಯ ಸಂಸ್ಕೃತಿ ಸಚಿವರೇ ಚಿತ್ರಮಂದಿರಗಳಿಗೆ ಹೇಳಿದರು. ಯಾವ ದೇಶದಲ್ಲೇ ಆಗಲಿ, ಮನೆಯವರ ಪ್ರಶ್ನೆಯನ್ನು ಶತ್ರುವಿನ ಪ್ರಶ್ನೆ ಅಂತ ಕರೆಯಲು ಶುರು ಮಾಡಿದರೆ ಸಾಕ್ಷ್ಯಚಿತ್ರ ಬೆಳೆಯುವುದಿಲ್ಲ.

ಯಾವುದನ್ನು ಮೊದಲು ನೋಡಲಿ ಅಂತ ಒಬ್ಬ ವಿದ್ಯಾರ್ಥಿನಿ ಕೇಳಿದಳು. 'ದಿ ಫ್ಲ್ಯಾಟ್'ನಿಂದ ಶುರು ಮಾಡಮ್ಮಾ ಅಂದೆ, ಆದರೆ ಅಪ್ಪ ಅಮ್ಮನ ಜೊತೆ ಕೂತು ನೋಡು. ಆಮೇಲೆ 'ಚಾಯ್ಸ್ ಅಂಡ್ ಡೆಸ್ಟಿನಿ', ಫೋನ್ ದೂರ ಇಟ್ಟು. 'ಅರ್ನಾಸ್ ಚಿಲ್ಡ್ರನ್'ಗೆ ಬೇರೆಯೇ ಒಂದು ದಿನ ಇಡು, ಅವತ್ತು ಇನ್ನೊಂದು ಚಿತ್ರ ಹಾಕಬೇಡ. '5 ಬ್ರೋಕನ್ ಕ್ಯಾಮೆರಾಸ್', 'ನೋ ಅದರ್ ಲ್ಯಾಂಡ್' ಒಂದರ ಹಿಂದೊಂದು ನೋಡಬಹುದು. ನೋಡುವಾಗ ವೆಸ್ಟ್ ಬ್ಯಾಂಕಿನ ಒಂದು ನಕ್ಷೆ ಪಕ್ಕದಲ್ಲಿರಲಿ. ಬಿಲಿನ್ ಇರುವುದು ರಾಮಲ್ಲಾದ ಪಶ್ಚಿಮಕ್ಕೆ, 'ನೋ ಅದರ್ ಲ್ಯಾಂಡ್'ನ ಮಸಾಫರ್ ಯತ್ತಾ ಹೆಬ್ರಾನ್‌ನ ದಕ್ಷಿಣಕ್ಕೆ. ಆ ಚಿತ್ರದ ಇಸ್ರೇಲಿ, ಪ್ಯಾಲೆಸ್ಟೀನಿಯನ್ ಗೆಳೆಯರಿಬ್ಬರಲ್ಲಿ ಯಾರ ಕಾರಿಗೆ ಹಳದಿ ನಂಬರ್ ಪ್ಲೇಟ್, ಯಾರದ್ದಕ್ಕೆ ಹಸಿರು, ಯಾರು ಯಾವ ರಸ್ತೆಯಲ್ಲಿ ಎಲ್ಲಿಯವರೆಗೆ ಹೋಗಬಹುದು ಅನ್ನುವುದು ನಕ್ಷೆ ಇದ್ದರೆ ಬೇಗ ಅರ್ಥ ಆಗುತ್ತದೆ.